ಸಮುದ್ರವಿಲ್ಲದ ಊರಿನಿಂದ ಹಡಗು ಪ್ರವಾಸ: ವಿಮೆ ಬೇಕೋ ಬೇಡವೋ ತೀರ್ಮಾನಿಸುವುದು ಹೇಗೆ?

ವಿಜಯಪುರದಲ್ಲಿರುವ ನನ್ನ ಅಕ್ಕನ ಮನೆಯ ಟ್ರಂಕಿನಲ್ಲಿ ಒಂದು ಬಿಲ್ಲು ಇನ್ನೂ ಇದೆ. ಸಿಂಗಾಪುರದಿಂದ ಹೊರಟ ನಾಲ್ಕು ರಾತ್ರಿಗಳ ಕ್ರೂಸ್, ಎರಡನೆಯ ರಾತ್ರಿ ಅವಳ ಅತ್ತೆಗೆ ವಾಂತಿಭೇದಿ. ಹಡಗಿನ ದವಾಖಾನೆಯಲ್ಲಿ ತಪಾಸಣೆ, ರಕ್ತ ಪರೀಕ್ಷೆ, ಎರಡು ಬಾಟಲಿ ಸಲೈನ್, ಬೆಳಗಿನವರೆಗೆ ನಿಗಾ. ಒಟ್ಟು 840 ಡಾಲರ್. ವಿಮೆ ಮಾಡಿಸಿದ್ದರು, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಆದರೆ ಅರ್ಜಿಯಲ್ಲಿ ಮಧುಮೇಹದ ಪ್ರಶ್ನೆಯ ಮುಂದೆ ಏಜೆಂಟರು ‘ಇಲ್ಲ’ ಎಂದು ಗುರುತು ಹಾಕಿದ್ದರು. ಅಕ್ಕ ಓದದೆ ಸಹಿ ಮಾಡಿದ್ದಳು. ಹಡಗಿನ ವೈದ್ಯರ ವರದಿಯ ಮೊದಲ ಸಾಲಿನಲ್ಲೇ ‘ಹನ್ನೆರಡು ವರ್ಷಗಳಿಂದ ಮಧುಮೇಹ’ ಎಂದಿತ್ತು. ಕ್ಲೇಮ್ ತಿರಸ್ಕೃತವಾಯಿತು.

ಆ ಕಾಗದಗಳನ್ನು ಹಿಡಿದು ಪತ್ರ ವ್ಯವಹಾರ ಮಾಡಿದವನು ನಾನು. ಅಂದಿನಿಂದ ಬೆಳಗಾವಿ, ಬಾಗಲಕೋಟೆ, ಜಮಖಂಡಿಯ ಬಂಧುಬಳಗದಲ್ಲಿ ಯಾರು ಹಡಗು ಹತ್ತಲು ಹೊರಟರೂ ಮೊದಲು ನನ್ನ ಬಳಿ ಬಂದು ಕೂರುತ್ತಾರೆ. ಅವರ ಜೊತೆ ಕುಳಿತು ನಾನು ಮಾಡುವ ಕೆಲಸವನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹಡಗು ದೇಶದೊಳಗಿನದೋ, ಹೊರಗಿನದೋ?

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಹೋಗುವ ಎರಡರಿಂದ ಐದು ರಾತ್ರಿಗಳ ಪ್ರಯಾಣ ಒಂದು ಬಗೆ. ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆಗೋ, ಬಾರ್ಸಿಲೋನಾದಿಂದ ಮೆಡಿಟರೇನಿಯನ್ ಸುತ್ತಲೋ ಹೋಗುವುದು ಇನ್ನೊಂದು ಬಗೆ. ಎರಡಕ್ಕೂ ಒಂದೇ ಉತ್ತರವಿಲ್ಲ.

ಮುಂಬೈಯಿಂದ ಗೋವಾಕ್ಕೆ ಎರಡು ರಾತ್ರಿ, ಹೋಗುವವರೆಲ್ಲ ಐವತ್ತರ ಒಳಗಿನ ಆರೋಗ್ಯವಂತರು ಎಂದಾದರೆ ನಾನು ವಿಮೆಗೆ ಒತ್ತಾಯಿಸುವುದಿಲ್ಲ. ಲಕ್ಷದ್ವೀಪದ ಮಾತು ಬೇರೆ. ಆ ದ್ವೀಪಗಳು ಕೇರಳದ ಕರಾವಳಿಯಿಂದ ಇನ್ನೂರು ಕಿಲೋಮೀಟರಿಗೂ ದೂರ. ಅಲ್ಲಿನ ನಿವಾಸಿಗಳನ್ನೇ ಗಂಭೀರ ಕಾಯಿಲೆ ಬಂದಾಗ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಕರೆತರುತ್ತಾರೆ. ಅರವತ್ತು ದಾಟಿದವರು ಜೊತೆಗಿದ್ದು ಹಡಗು ಆ ಕಡೆಗೆ ಹೋಗುತ್ತದೆಂದರೆ, ತುರ್ತು ಸಾಗಾಟದ ವೆಚ್ಚ ಭರಿಸುವ ದೇಶೀಯ ಪ್ರವಾಸ ವಿಮೆಯನ್ನು ಕೊಳ್ಳಿ. ಪಾಲಿಸಿಯಲ್ಲಿ ‘ಭೂಮಾರ್ಗ ಮತ್ತು ವಿಮಾನ’ ಎಂದಷ್ಟೇ ಇದ್ದರೆ ಅದು ನಿಮಗೆ ಉಪಯೋಗವಿಲ್ಲ. ಸಮುದ್ರಯಾನ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ವಿದೇಶದ ಹಡಗಾದರೆ ವಿಮೆ ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಅಲ್ಲಿ ತೀರ್ಮಾನಿಸಬೇಕಾದದ್ದು ಯಾವ ವಿಮೆ, ಎಷ್ಟರದು ಎಂಬುದನ್ನು.

‘ನಮ್ಮ ಬಳಿ ಮೊದಲೇ ವಿಮೆ ಇದೆಯಲ್ಲ’

ಪ್ರತಿ ಮನೆಯಲ್ಲೂ ಕೇಳುವ ಮಾತು ಇದು. ಇದ್ದಬದ್ದ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದನ್ನೇ ನೋಡೋಣ.

ಎಲ್‌ಐಸಿ ಪಾಲಿಸಿ ಜೀವ ವಿಮೆ. ದವಾಖಾನೆಯ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಯಶಸ್ವಿನಿ ಮತ್ತು ಆಯುಷ್ಮಾನ್ ಕಾರ್ಡುಗಳು ಆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುತ್ತವೆ. ರೈಲು ಟಿಕೆಟ್ ಕಾಯ್ದಿರಿಸುವಾಗ ಐಆರ್‌ಸಿಟಿಸಿಯಲ್ಲಿ 45 ಪೈಸೆಗೆ ಸಿಗುವ ವಿಮೆ ರೈಲು ಅಪಘಾತಕ್ಕಷ್ಟೇ ಸೀಮಿತ; ರೈಲು ತಡವಾಗಿ ಹಡಗು ತಪ್ಪಿದರೆ ಅದರಿಂದ ಏನೂ ಬರುವುದಿಲ್ಲ.

ಇನ್ನು ಮನೆಯವರೆಲ್ಲ ಸೇರಿರುವ ಆರೋಗ್ಯ ವಿಮೆ. ಇದನ್ನು ನೆಚ್ಚಿಕೊಂಡವರೇ ಹೆಚ್ಚು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದ ಆರೋಗ್ಯ ಪಾಲಿಸಿಗಳಲ್ಲಿ ‘ಆಸ್ಪತ್ರೆ’ ಎಂಬ ಪದಕ್ಕೆ ಒಂದು ನಿಗದಿತ ಅರ್ಥವಿದೆ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ, ಉಳಿದೆಡೆ 15 ಹಾಸಿಗೆ ಇರಬೇಕು. ಸಾಮಾನ್ಯವಾಗಿ 24 ಗಂಟೆ ಒಳರೋಗಿಯಾಗಿ ದಾಖಲಾಗಿರಬೇಕು. ಹಡಗಿನ ದವಾಖಾನೆ ಎಂದರೆ ಕೆಳ ಅಂತಸ್ತಿನ ಕೆಲವೇ ಹಾಸಿಗೆಗಳ ಕೋಣೆ. ಅಲ್ಲಿ ಆರು ಗಂಟೆ ಸಲೈನ್ ಹಾಕಿಸಿಕೊಂಡದ್ದು ಈ ಅಳತೆಗೆ ಸಿಗುವುದಿಲ್ಲ. ಮೇಲಾಗಿ ಭಾರತದ ಪ್ರಾದೇಶಿಕ ಜಲಗಡಿ ತೀರದಿಂದ 12 ನಾಟಿಕಲ್ ಮೈಲಿಗೆ ಮುಗಿಯುತ್ತದೆ, ‘ಭಾರತದಲ್ಲಿ ಪಡೆದ ಚಿಕಿತ್ಸೆ’ ಎಂಬ ಷರತ್ತು ಅದರಾಚೆ ಪ್ರಶ್ನೆಗೆ ಬರುತ್ತದೆ. ಕೊಚ್ಚಿಯಲ್ಲೋ ಪಣಜಿಯಲ್ಲೋ ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ಈ ವಿಮೆ ನೆರವಿಗೆ ಬರುತ್ತದೆ. ಹಡಗಿನ ಮೇಲೆ ಬರುವುದಿಲ್ಲವೆಂದೇ ಲೆಕ್ಕ ಹಾಕಿ.

ಕ್ರೆಡಿಟ್ ಕಾರ್ಡಿನ ಜೊತೆ ಬರುವ ಪ್ರವಾಸ ವಿಮೆ ಹಲವು ಬಾರಿ ವಿಮಾನ ಅಪಘಾತ ಮತ್ತು ಸಾಮಾನು ಕಳೆದುಹೋಗುವುದಕ್ಕೆ ಸೀಮಿತವಾಗಿರುತ್ತದೆ. ಟೂರ್ ಕಂಪನಿಯವರು ‘ವಿಮೆ ಪ್ಯಾಕೇಜಿನಲ್ಲೇ ಇದೆ’ ಎಂದರೆ ನಂಬಿ ಸುಮ್ಮನಾಗಬೇಡಿ. ನಿಮ್ಮ ಹೆಸರಿರುವ ಪ್ರಮಾಣಪತ್ರ ಮತ್ತು ಪೂರ್ಣ ನಿಯಮಗಳ ಪ್ರತಿ, ಎರಡನ್ನೂ ಮುಂಗಡ ಕೊಡುವ ಮೊದಲೇ ಕೇಳಿ.

ಮನೆಯಿಂದ ಬಂದರಿನವರೆಗಿನ ದಾರಿ

ನಮ್ಮ ಕಡೆಯವರು ಎಲ್ಲರಿಗಿಂತ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ. ಮುಂಬೈಯವರು ಟ್ಯಾಕ್ಸಿ ಹಿಡಿದು ಬಂದರಿಗೆ ಹೋಗುತ್ತಾರೆ. ನಾವು ಹಿಂದಿನ ಸಂಜೆಯೇ ಮನೆ ಬಿಡಬೇಕು. ಬೆಳಗಾವಿಯಿಂದ ಮುಂಬೈ ಸುಮಾರು ಐನೂರು ಕಿಲೋಮೀಟರ್. ಬಾಗಲಕೋಟೆ, ವಿಜಯಪುರದವರು ಸೊಲ್ಲಾಪುರದ ಮೇಲೆ ಹೋಗುತ್ತಾರೆ. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಕೊಲ್ಲಾಪುರದ ಬಳಿ ಹೆದ್ದಾರಿ ದಿನಗಟ್ಟಲೆ ಬಂದ್ ಆದದ್ದು, 2021ರ ಜುಲೈನಲ್ಲಿ ಮತ್ತೆ ಅದೇ ಆದದ್ದು ನಮಗೆಲ್ಲ ನೆನಪಿದೆ. ಗೋವಾದಲ್ಲಿ ಹಡಗು ಹತ್ತುವವರಿಗೆ ಚೋರ್ಲಾ ಘಾಟ್ ಇದೆ. ಮಳೆಗಾಲದಲ್ಲಿ ಅಲ್ಲಿ ಮಣ್ಣು ಕುಸಿದರೆ ಸುತ್ತು ಹಾಕಿಯೇ ಹೋಗಬೇಕು.

ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವ ಒಂದು, ಒಂದೂವರೆ ಗಂಟೆ ಮೊದಲೇ ಹತ್ತುವ ಬಾಗಿಲು ಮುಚ್ಚುತ್ತದೆ. ತಪ್ಪಿಸಿಕೊಂಡವರಿಗೆ ಹಣ ಮರಳುವುದಿಲ್ಲ. ವಿದೇಶದಲ್ಲಾದರೆ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ವಿಮಾನ ಹಿಡಿದು ಹೋಗಬೇಕು, ಆ ದೇಶಕ್ಕೆ ವೀಸಾ ಬೇಕಿದ್ದರೆ ಅದೂ ಕೈಯಲ್ಲಿರಬೇಕು.

ಈಗ ವಿಮೆಯ ಮಾತು. ಪಾಲಿಸಿಯಲ್ಲಿ ‘ಸಂಪರ್ಕ ತಪ್ಪಿದರೆ ಪರಿಹಾರ’ ಎಂದು ಇರುತ್ತದೆ. ಅದನ್ನು ಪೂರ್ತಿ ಓದಿ. ಹೆಚ್ಚಿನ ಪಾಲಿಸಿಗಳಲ್ಲಿ ಅದು ವೇಳಾಪಟ್ಟಿಯ ವಿಮಾನ ಇಷ್ಟು ಗಂಟೆಗಿಂತ ಹೆಚ್ಚು ತಡವಾದರೆ ಮಾತ್ರ ಅನ್ವಯಿಸುತ್ತದೆ. ಖಾಸಗಿ ಬಸ್ಸು ಕರಾಡದ ಬಳಿ ಕೆಟ್ಟು ನಿಂತರೆ, ಸ್ವಂತ ಕಾರಿನ ಟೈರು ಒಡೆದರೆ, ಪುಣೆಯ ವಾಹನದಟ್ಟಣೆಯಲ್ಲಿ ಮೂರು ಗಂಟೆ ಸಿಕ್ಕಿಕೊಂಡರೆ ಬಹುತೇಕ ಏನೂ ಸಿಗುವುದಿಲ್ಲ. ಅಂದರೆ ನಮ್ಮ ಊರಿನವರು ಹಡಗು ತಪ್ಪಿಸಿಕೊಳ್ಳುವ ಕಾರಣಗಳೇ ವಿಮೆಯ ಹೊರಗೆ ಉಳಿದಿವೆ.

ಆದ್ದರಿಂದ ನಾನು ಬಂಧುಗಳಿಗೆ ಕಟ್ಟುನಿಟ್ಟಾಗಿ ಹೇಳುವುದು ಇಷ್ಟೇ. ಒಂದು ದಿನ ಮೊದಲು ಬಂದರಿನ ಊರು ಸೇರಿ, ಮಳೆಗಾಲವಾದರೆ ಎರಡು ದಿನ ಮೊದಲು. ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲಿ ದಾದರಿಗೆ ಇಳಿದು ಅಂದೇ ಹಡಗು ಹತ್ತುತ್ತೇವೆ ಎನ್ನುವವರನ್ನು ನಾನು ಬೇಡವೆಂದು ತಡೆದಿದ್ದೇನೆ. ಮುಂಬೈಯಲ್ಲಿ ಒಂದು ರಾತ್ರಿಯ ಕೋಣೆ ಬಾಡಿಗೆ ಯಾವ ಪಾಲಿಸಿಯೂ ಕೊಡದ ರಕ್ಷಣೆ ಕೊಡುತ್ತದೆ. ದೇಶದೊಳಗಿನ ಚಿಕ್ಕ ಪ್ರಯಾಣಕ್ಕೆ ವಿಮೆ ಮತ್ತು ಕೋಣೆ, ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಕೋಣೆಯನ್ನೇ ಆರಿಸಿ.

ಕಳೆದುಕೊಳ್ಳಬಹುದಾದ ಹಣವನ್ನು ಬರೆಯಿರಿ

ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಬಾಗಲಕೋಟೆಯ ನವನಗರದ ನಾಲ್ವರ ಕುಟುಂಬವೊಂದನ್ನು ಉದಾಹರಣೆಗೆ ಹಿಡಿಯೋಣ. ಹಡಗಿಗೆ 2,00,000 ರೂಪಾಯಿ, ವಿಮಾನಕ್ಕೆ 1,10,000, ಹೋಟೆಲಿಗೆ 20,000, ವೀಸಾಕ್ಕೆ 15,000. ಒಟ್ಟು 3,45,000. ಹೊರಡಲು ಇಪ್ಪತ್ತು ದಿನವಿದ್ದಾಗ ರದ್ದು ಮಾಡಿದರೆ ಇದರಲ್ಲಿ ಎಷ್ಟು ಮರಳುತ್ತದೆ? ಕಂಪನಿಯ ಕರಾರಿನಲ್ಲಿ ಒಂದು ಕೋಷ್ಟಕವಿರುತ್ತದೆ, ದಿನ ಹತ್ತಿರವಾದಷ್ಟೂ ಕಡಿತ ಏರುತ್ತಾ ಕೊನೆಗೆ ಪೂರ್ತಿ ಹಣವೇ ಹೋಗುತ್ತದೆ. ಆ ಕೋಷ್ಟಕವನ್ನು ನೋಡಿ ಪ್ರತಿ ಸಾಲಿನ ಮುಂದೆ ಮರಳದ ಮೊತ್ತವನ್ನು ಬರೆಯಿರಿ.

ಅದರ ಪಕ್ಕದಲ್ಲಿ ಪಾಲಿಸಿಯ ರದ್ದತಿ ಪರಿಹಾರದ ಮಿತಿಯನ್ನು ಬರೆಯಿರಿ. ತಲಾ 500 ಡಾಲರ್ ಎಂದಿದ್ದರೆ, ಡಾಲರಿಗೆ 90 ರೂಪಾಯಿಯಂತೆ ನಾಲ್ವರಿಗೆ 1,80,000 ಆಯಿತು. ಹೆಚ್ಚುಕಡಿಮೆ ಅರ್ಧ ಮಾತ್ರ. ಆ ವ್ಯತ್ಯಾಸವನ್ನು ನಿಮ್ಮ ಮನೆ ತಾಳಿಕೊಳ್ಳುತ್ತದೆಯೇ ಎಂಬುದು ನೀವೇ ಉತ್ತರಿಸಬೇಕಾದ ಪ್ರಶ್ನೆ.

ರದ್ದತಿಗೆ ಒಪ್ಪುವ ಕಾರಣಗಳ ಪಟ್ಟಿಯೂ ಪಾಲಿಸಿಯಲ್ಲಿದೆ, ಅದರಾಚೆ ಏನೂ ನಡೆಯದು. ನಿಮ್ಮ ಅಥವಾ ಹತ್ತಿರದ ರಕ್ತಸಂಬಂಧಿಯ ಸಾವು, ಗಂಭೀರ ಕಾಯಿಲೆ, ಅಪಘಾತ ಇವು ಸಾಮಾನ್ಯ. ಆದರೆ ‘ಹತ್ತಿರದ’ ಎಂದರೆ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ಎಂದೇ ಹಲವು ಕಡೆ ಬರೆದಿರುತ್ತದೆ. ನಮ್ಮಲ್ಲಿ ದೊಡ್ಡಪ್ಪ ತೀರಿಕೊಂಡರೆ ಯಾರಾದರೂ ಹಡಗು ಹತ್ತುತ್ತಾರೆಯೇ? ಸೂತಕ ಮುಗಿಯುವವರೆಗೆ ಊರು ಬಿಡುವುದಿಲ್ಲ. ಪಾಲಿಸಿಗೆ ಮಾತ್ರ ಆ ಸಂಬಂಧ ಲೆಕ್ಕಕ್ಕಿಲ್ಲ. ಶಿಕ್ಷಕರಿಗೆ ಚುನಾವಣಾ ಕರ್ತವ್ಯ ಬಂದು ರಜೆ ರದ್ದಾಯಿತು, ಮುಧೋಳದ ರೈತರಿಗೆ ಕಬ್ಬು ಕಟಾವಿನ ಪಾಳಿ ಅದೇ ವಾರ ಬಂತು, ಮಗಳ ನಿಶ್ಚಿತಾರ್ಥದ ದಿನ ಗೊತ್ತಾಯಿತು: ಇವೆಲ್ಲ ನಮ್ಮ ಬದುಕಿನ ನಿಜವಾದ ಕಾರಣಗಳು, ಮತ್ತು ಸಾಮಾನ್ಯವಾಗಿ ಪಟ್ಟಿಯಲ್ಲಿ ಇಲ್ಲದ ಕಾರಣಗಳು. ಇಂಥ ಭಯ ಹೆಚ್ಚಿದ್ದರೆ ವಿಮೆಗಿಂತ ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ ವಾಸಿ.

ಕಂಪನಿಯೇ ಮುಳುಗಿದರೆ? ಇದೂ ಆಗಿದೆ. 2019ರ ಏಪ್ರಿಲ್‌ನಲ್ಲಿ ಮುಂಬೈಯಿಂದ ಆರಂಭವಾದ ಜಲೇಶ್ ಕ್ರೂಸಸ್ 2020ರಲ್ಲಿ ಬಾಗಿಲು ಹಾಕಿತು. ಸಿಂಗಾಪುರದಲ್ಲಿ ಡ್ರೀಮ್ ಕ್ರೂಸಸ್ ಹಡಗುಗಳನ್ನು ನಡೆಸುತ್ತಿದ್ದ ಗೆಂಟಿಂಗ್ ಹಾಂಗ್‌ಕಾಂಗ್ 2022ರ ಜನವರಿಯಲ್ಲಿ ಸಮಾಪನೆಗೆ ಅರ್ಜಿ ಹಾಕಿತು. ಸಂಸ್ಥೆಯ ದಿವಾಳಿಯಿಂದಾದ ನಷ್ಟ ಪಾಲಿಸಿಯೊಳಗೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಹಣವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಸೇವೆ ಸಿಗದಿದ್ದಾಗ ಬ್ಯಾಂಕಿನ ಮೂಲಕ ಆ ಪಾವತಿಯನ್ನು ಪ್ರಶ್ನಿಸಲು ದಾರಿ ಇರುತ್ತದೆ.

ಪಾಲಿಸಿಯಲ್ಲಿ ಮೊದಲು ನೋಡಬೇಕಾದದ್ದು

ಕಳೆದ ಸೂಟ್‌ಕೇಸು, ತಡವಾದ ವಿಮಾನ ಇವುಗಳ ಪರಿಹಾರವನ್ನೇ ಜಾಹೀರಾತುಗಳು ದೊಡ್ಡದಾಗಿ ತೋರಿಸುತ್ತವೆ. ನೀವು ಅವುಗಳನ್ನು ಕೊನೆಗೆ ನೋಡಿ. ಮನೆ ಮಾರುವಂತೆ ಮಾಡುವ ನಷ್ಟ ಒಂದೇ: ನಡುಸಮುದ್ರದಲ್ಲಿ ಎದೆನೋವು ಬಂದು, ಹೆಲಿಕಾಪ್ಟರಿನಲ್ಲೋ ಹತ್ತಿರದ ಬಂದರಿನಲ್ಲೋ ಇಳಿಸಿ, ಪರದೇಶದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇರಿಸಿ, ಅಲ್ಲಿಂದ ವೈದ್ಯರ ಜೊತೆಯಲ್ಲಿ ಭಾರತಕ್ಕೆ ಕರೆತರಬೇಕಾಗುವುದು. ಇದು ಹತ್ತಾರು ಸಾವಿರ ಡಾಲರುಗಳ ಮಾತು. 50,000 ಡಾಲರ್ ಎಂದರೆ 45 ಲಕ್ಷ ರೂಪಾಯಿ.

ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಕಡೆಗೆ ಕನಿಷ್ಠ 50,000 ಡಾಲರ್ ವೈದ್ಯಕೀಯ ರಕ್ಷಣೆ ಇರಲಿ, ಹಿರಿಯರಿದ್ದರೆ ಒಂದು ಲಕ್ಷ. ಯುರೋಪಿಗೆ ಹೋಗುವವರಿಗೆ ಷೆಂಗೆನ್ ವೀಸಾ (ಅಲ್ಲಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ) ನಿಯಮದಂತೆ 30,000 ಯೂರೋ ವಿಮೆ ಕಡ್ಡಾಯ. ಅದು ವೀಸಾ ಸಿಗಲು ಬೇಕಾದ ಕನಿಷ್ಠ ಮೊತ್ತ ಅಷ್ಟೇ, ಸಮುದ್ರಯಾನಕ್ಕೆ ಸಾಲದು. ನಾನು ಒಂದು ಲಕ್ಷ ಡಾಲರಿಗಿಂತ ಕೆಳಗೆ ಇಳಿಯುವುದಿಲ್ಲ. ಅಮೆರಿಕದ ಬಂದರುಗಳನ್ನು ಮುಟ್ಟುವ ಹಡಗಾದರೆ ಎರಡೂವರೆ ಲಕ್ಷ ಡಾಲರ್ ಅಥವಾ ಅದಕ್ಕೂ ಹೆಚ್ಚು. ತುರ್ತು ಸಾಗಾಟದ ವೆಚ್ಚಕ್ಕೆ ಬೇರೆ ಮಿತಿ ಇದೆಯೇ ಎಂದು ನೋಡಿ. ಒಂದು ಲಕ್ಷದ ಪಾಲಿಸಿಯೊಳಗೆ ಸಾಗಾಟಕ್ಕೆ ಬರೀ 5,000 ಡಾಲರ್ ಎಂದಿದ್ದರೆ ಆ ಪಾಲಿಸಿ ಬೇಡ. ಪಾರ್ಥಿವ ಶರೀರವನ್ನು ತರುವ ವೆಚ್ಚದ ಸಾಲನ್ನೂ ಓದಿ. ಓದಲು ಮನಸ್ಸಾಗುವುದಿಲ್ಲ, ಆದರೂ ಓದಿ.

ಆಮೇಲೆ ‘ಕ್ರೂಸ್’ ಎಂಬ ಪದವನ್ನೇ ಹುಡುಕಿ. ಕೆಲವು ಕಂಪನಿಗಳು ಹೆಚ್ಚುವರಿ ಪ್ರೀಮಿಯಂ ಪಡೆದು ಪ್ರತ್ಯೇಕ ಕ್ರೂಸ್ ರಕ್ಷಣೆ ಕೊಡುತ್ತವೆ: ಹಡಗು ತಪ್ಪಿದರೆ, ಮಾರ್ಗ ಬದಲಾದರೆ, ಕಾಯಿಲೆಯಿಂದ ಕ್ಯಾಬಿನ್ನಿನಲ್ಲೇ ಉಳಿಯಬೇಕಾದರೆ ದಿನಕ್ಕೆ ಇಷ್ಟು ಎಂದು. ಮಾರ್ಗ ಬದಲಿಸುವ ಹಕ್ಕು ಕ್ಯಾಪ್ಟನ್‌ಗೆ ಟಿಕೆಟ್ಟಿನ ಕರಾರಿನಲ್ಲೇ ಇರುತ್ತದೆ, ಹಾಗಾಗಿ ಒಂದು ಬಂದರು ಬಿಟ್ಟುಹೋದರೆ ಹಡಗಿನವರಿಂದ ಹೆಚ್ಚೇನೂ ಬರುವುದಿಲ್ಲ. ಕ್ಯಾಬಿನ್ನಿನಲ್ಲಿ ಉಳಿಯುವ ಮಾತು ಅಪರೂಪದ್ದೆಂದು ತಳ್ಳಿಹಾಕಬೇಡಿ. 2020ರ ಫೆಬ್ರುವರಿಯಲ್ಲಿ ಯೋಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನ ದಿಗ್ಬಂಧನದಲ್ಲಿ ಸಿಕ್ಕಿಬಿದ್ದರು. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಬಂದ ಹಡಗೊಂದರಲ್ಲಿ 66 ಮಂದಿಗೆ ಕೋವಿಡ್ ಕಂಡು ಹಡಗೇ ಹಿಂದಿರುಗಿತು.

ದೇಶಗಳ ಪಟ್ಟಿಯನ್ನೂ ನೋಡಿ. ಹಲವು ‘ಏಷ್ಯಾ’ ಪ್ಲ್ಯಾನುಗಳಲ್ಲಿ ಜಪಾನ್ ಸೇರಿರುವುದಿಲ್ಲ. ಹಡಗು ಮುಟ್ಟುವ ಪ್ರತಿಯೊಂದು ದೇಶವೂ ಪಾಲಿಸಿಯಲ್ಲಿರಬೇಕು. ಜೆಟ್‌ಸ್ಕೀ, ಸ್ಕೂಬಾ, ಮದ್ಯ ಸೇವಿಸಿದ ಸ್ಥಿತಿಯ ಅಪಘಾತ ಸಾಮಾನ್ಯವಾಗಿ ಹೊರಗೆ.

ಅರ್ಜಿ ತುಂಬುವ ದಿನ

ಏಜೆಂಟರಿಗೆ ಒಪ್ಪಿಸಬೇಡಿ, ನೀವೇ ಕೂರಿರಿ. ಹಿರಿಯರ ಮಾತ್ರೆಯ ಡಬ್ಬಿಯನ್ನು ತಂದು ಮೇಜಿನ ಮೇಲೆ ಸುರಿಯಿರಿ. ಬಿಳಿ ಮಾತ್ರೆ ರಕ್ತದೊತ್ತಡದ್ದು, ಉದ್ದನೆಯದು ಸಕ್ಕರೆಯದ್ದು, ರಾತ್ರಿಯದು ಕೊಲೆಸ್ಟರಾಲಿನದು. ಒಂದೊಂದು ಮಾತ್ರೆಗೂ ಅರ್ಜಿಯಲ್ಲಿ ಒಂದು ‘ಹೌದು’ ಇರಬೇಕು. ಎಂಟು ವರ್ಷದ ಹಿಂದೆ ಹಾಕಿಸಿದ ಸ್ಟೆಂಟ್ ‘ಈಗ ಸರಿ ಇದೆಯಲ್ಲ’ ಎಂದು ಬಿಡುವಂತಿಲ್ಲ. ಹೀಗೆ ಬರೆದರೆ ಪ್ರೀಮಿಯಂ ಏರಬಹುದು, ಒಂದು ಕಂಪನಿ ಬೇಡವೆನ್ನಲೂಬಹುದು. ಇನ್ನೊಂದನ್ನು ಕೇಳಿ. ಮೊದಲೇ ಇರುವ ಕಾಯಿಲೆಗೆ ಹಲವು ಪಾಲಿಸಿಗಳು ಪ್ರಾಣಾಪಾಯದ ತುರ್ತು ಚಿಕಿತ್ಸೆಯನ್ನಷ್ಟೇ, ಅದೂ ಕಡಿಮೆ ಮಿತಿಯಲ್ಲಿ ಕೊಡುತ್ತವೆ. ಆ ಮಿತಿ ಎಷ್ಟೆಂದು ಕೇಳಿ ಬರೆದುಕೊಳ್ಳಿ.

ಹೆಸರು ಪಾಸ್‌ಪೋರ್ಟಿನಂತೆಯೇ ಇರಲಿ. ನಮ್ಮ ಕಡೆಯ ಅಡ್ಡಹೆಸರುಗಳು ಆಧಾರ್‌ನಲ್ಲಿ ಒಂದು ತರಹ, ಬ್ಯಾಂಕಿನಲ್ಲಿ ಇನ್ನೊಂದು ತರಹ ಇರುತ್ತವೆ. ಹಿರೇಮಠ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಬಗೆಯ ಕಾಗುಣಿತ ಕಂಡಿದ್ದೇನೆಂದು ಹೇಳಲಾರೆ.

ಹಡಗಿಗೆ ಮುಂಗಡ ಕಟ್ಟಿದ ವಾರದಲ್ಲೇ ಪಾಲಿಸಿ ಕೊಳ್ಳಿ. ರದ್ದತಿಯ ರಕ್ಷಣೆ ಕೊಂಡ ಮೇಲೆ ಆಗುವ ಘಟನೆಗಳಿಗೆ ಮಾತ್ರ ಸಿಗುತ್ತದೆ. ಚಂಡಮಾರುತದ ಸುದ್ದಿ ಬಂದ ಮೇಲೆ ಕೊಂಡರೆ ಅದು ಗೊತ್ತಿದ್ದ ಅಪಾಯವಾಗುತ್ತದೆ. ವಿದೇಶ ಪ್ರವಾಸ ವಿಮೆಯನ್ನು ಭಾರತ ಬಿಡುವ ಮೊದಲೇ ಕೊಳ್ಳಬೇಕು. ಕೊನೆಯ ದಿನಾಂಕಕ್ಕೆ ಎರಡು ದಿನ ಸೇರಿಸಿ.

ಹಡಗಿನ ಮೇಲೆ, ಮತ್ತು ಮರಳಿದ ಮೇಲೆ

ಹಡಗಿನ ವೈದ್ಯರು ನಮ್ಮ ನಗದುರಹಿತ ಕಾರ್ಡನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಬಿಲ್ಲು ಕ್ಯಾಬಿನ್ನಿನ ಖಾತೆಗೆ ಸೇರುತ್ತದೆ. ನೀವು ಕಟ್ಟಿ ಬಂದು ಆಮೇಲೆ ಕೇಳಬೇಕು. ಹಾಗಾಗಿ ಕಾರ್ಡಿನಲ್ಲಿ ಸಾಕಷ್ಟು ಮಿತಿ ಉಳಿಸಿಕೊಳ್ಳಿ. ಸಹಾಯವಾಣಿಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ, ನಡುಸಮುದ್ರದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಡಗಿನಿಂದ ಇಳಿಸುವ ಸ್ಥಿತಿ ಬಂದರೆ ಮೊದಲು ಆ ಸಂಖ್ಯೆಗೆ ಹಡಗಿನವರಿಂದಲೇ ಕರೆ ಮಾಡಿಸಿ, ಏಕೆಂದರೆ ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಮಾಡಿದ ಸಾಗಾಟದ ಖರ್ಚನ್ನು ನಿರಾಕರಿಸಬಹುದು.

ಇಳಿಯುವ ಮೊದಲೇ ವೈದ್ಯರ ವರದಿ, ವಿವರವಾದ ಬಿಲ್ಲು, ಪಾವತಿ ರಸೀದಿ, ಮಾರ್ಗ ಬದಲಾಗಿದ್ದರೆ ಹಡಗಿನವರ ಪತ್ರ ಇವನ್ನು ಕೈಗೆ ತೆಗೆದುಕೊಳ್ಳಿ. ಊರಿಗೆ ಬಂದ ಮೇಲೆ ಇಮೇಲಿನಲ್ಲಿ ಅವು ಸಿಗುತ್ತವೆಂದು ನಂಬಿ ನಾವು ಎರಡು ತಿಂಗಳು ಕಾದೆವು.

ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರವಾದ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಕ್ಕನ ವಿಷಯದಲ್ಲಿ ನಾವು ಅಲ್ಲಿಗೆ ಹೋಗಲಿಲ್ಲ. ‘ಇಲ್ಲ’ ಎಂಬ ಗುರುತಿನ ಕೆಳಗೆ ಅವಳದೇ ಸಹಿ ಇತ್ತು.

ಈ ಡಿಸೆಂಬರಿನಲ್ಲಿ ಅವಳು ಅತ್ತೆಯನ್ನು ಕರೆದುಕೊಂಡು ಮತ್ತೆ ಹೊರಟಿದ್ದಾಳೆ. ಅರ್ಜಿಯನ್ನು ಈ ಸಲ ಅವಳೇ ತುಂಬಿದಳು, ಮೂರು ಕಡೆ ‘ಹೌದು’. ಪ್ರೀಮಿಯಂ ಹಿಂದಿನದಕ್ಕಿಂತ ಎರಡರಷ್ಟಾಯಿತು. ಪಾಲಿಸಿಯ ಮೊದಲ ಪುಟವನ್ನು ನಾಲ್ಕಾಗಿ ಮಡಚಿ ಅತ್ತೆಯ ಮಾತ್ರೆ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಮುಂಬೈ ರೈಲಿಗೆ ಟಿಕೆಟ್ ತೆಗೆಸಿದ್ದು ವಿಮಾನಕ್ಕೆ ಎರಡು ದಿನ ಮೊದಲಿನದು.